ಎರಡೇ ದಿನದಲ್ಲಿ ಆಪ್ತರಾಗಿ

ಸೈಕಾಲಜಿಯನ್ನು ಇನ್ನು ಮೇಲೆ ಮನೆಯಲ್ಲಿ ಕೂತು ಓದುವಂತಿಲ್ಲ ಅಂತ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಹೇಳಿದ್ದು ನಿಮಗೆ ನೆನಪಿರಬೇಕು. 2025ರ ಜುಲೈ-ಆಗಸ್ಟ್ ಪ್ರವೇಶದಿಂದಲೇ ದೂರಶಿಕ್ಷಣವೂ ಬಂದ್, ಆನ್‌ಲೈನೂ ಬಂದ್. ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ, ನ್ಯೂಟ್ರಿಷನ್ ಇವನ್ನೂ ಅದೇ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ನನಗೇನೂ ತಕರಾರಿರಲಿಲ್ಲ. ಇನ್ನೊಬ್ಬರ ಮನಸ್ಸಿಗೆ ಕೈ ಹಾಕುವ ವಿದ್ಯೆ. ಎದುರಿಗೆ ಒಬ್ಬ ಮನುಷ್ಯ ಕೂತಿರದೆ ಕಲಿಯುವುದು ಹೇಗೆ? ಈಜನ್ನು ಪೋಸ್ಟಿನಲ್ಲಿ ತರಿಸಿಕೊಂಡ ಹಾಗಾದೀತು. ಸರಿಯಾಗಿಯೇ ಮಾಡಿದರು ಅಂತ ತಲೆಯಾಡಿಸಿದೆ.

ತಲೆ ಇನ್ನೂ ಆಡುತ್ತಿರುವಾಗಲೇ ಫೋನು ಟಿಣ್ ಅಂದಿತು.

"ನಿಮ್ಮ ಹತ್ತಿರ ಎಲ್ಲರೂ ಕಷ್ಟ ಹೇಳಿಕೊಳ್ಳುತ್ತಾರೆಯೇ? ಅದನ್ನೇ ವೃತ್ತಿ ಮಾಡಿಕೊಳ್ಳಿ! ಎರಡೇ ದಿನದಲ್ಲಿ ಸರ್ಟಿಫೈಡ್ ಕೌನ್ಸೆಲರ್ ಆಗಿ. ಶನಿವಾರ ಮತ್ತು ಭಾನುವಾರ. ಸಂಪೂರ್ಣ ಆನ್‌ಲೈನ್. ಅಂತರರಾಷ್ಟ್ರೀಯ ಮಾನ್ಯತೆ."

ಎರಡು ಸಲ ಓದಿದೆ. ವಿಶ್ವವಿದ್ಯಾಲಯವೊಂದು ಎರಡು ವರ್ಷ ಆನ್‌ಲೈನಿನಲ್ಲಿ ಕಲಿಸಿದರೆ ಅದು ಜನರ ಆರೋಗ್ಯದ ಜೊತೆ ಚೆಲ್ಲಾಟ. ಇನ್ಯಾರೋ ಎರಡು ದಿನ ಕಲಿಸಿದರೆ ಅದು ಯಾರ ವ್ಯಾಪ್ತಿಗೂ ಬರುವುದಿಲ್ಲ. ಅದು ಡಿಗ್ರಿಯೇ ಅಲ್ಲವಲ್ಲ ಅಂದಾರು; ನಿಜ, ಅಲ್ಲ. ಡಿಗ್ರಿ ಕೊಡುವವರು ಕಾನೂನಿಗೆ ಹೆದರಬೇಕು. ಸರ್ಟಿಫಿಕೇಟ್ ಕೊಡುವವರು ಪ್ರಿಂಟರಿನ ಇಂಕು ಮುಗಿದೀತು ಅಂತ ಹೆದರಿದರೆ ಸಾಕು. ಮುಂಬಾಗಿಲಿಗೆ ಮೂರು ಬೀಗ ಜಡಿದು ಹಿಂದಿನ ಗೋಡೆ ಕಟ್ಟುವುದನ್ನೇ ಮರೆತ ಮನೆ.

ಕುತೂಹಲಕ್ಕೆ ನಂಬರು ಕೊಟ್ಟೆ. ಅದು ನನ್ನ ತಪ್ಪು. ಹತ್ತು ನಿಮಿಷದಲ್ಲಿ ಕರೆ ಬಂತು.

"ನಮಸ್ಕಾರ ಸಾರ್, ನಾನು ಸೀನಿಯರ್ ಕೌನ್ಸೆಲರ್ ಮಾತಾಡ್ತಿರೋದು."

ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಆಮೇಲೆ ಗೊತ್ತಾಯಿತು, ಆಕೆ ಅಡ್ಮಿಷನ್ ಕೌನ್ಸೆಲರ್. ಕೋರ್ಸು ಮಾರುವವರು. ಅಂದರೆ ಕೌನ್ಸೆಲರ್ ಆಗುವ ಕೋರ್ಸಿಗೆ ಜನ ಸೇರಿಸಲು ಒಬ್ಬರು ಕೌನ್ಸೆಲರ್, ಅವರ ಮೇಲೊಬ್ಬರು ಟೀಮ್ ಲೀಡರ್. ಆದರೆ ಇದ್ದದ್ದನ್ನು ಹೇಳಬೇಕು. ಕೇಳಿಸಿಕೊಳ್ಳುವ ಕಲೆಯಲ್ಲಿ ಆಕೆಯನ್ನು ಮೀರಿಸುವವರನ್ನು ನಾನು ಕಂಡಿಲ್ಲ. "ನಂಗೆ ಟೈಮಿಲ್ಲಮ್ಮ" ಅಂದೆ. "ಟೈಮ್ ಸಾಲ್ತಿಲ್ಲ ಅನ್ನಿಸ್ತಿದೆ ಅಲ್ವಾ ಸಾರ್" ಅಂದರು. "ದುಡ್ಡೂ ಇಲ್ಲ." "ದುಡ್ಡಿನ ಬಗ್ಗೆ ಒಂದು ಆತಂಕ ಇದೆ ನಿಮಗೆ." ಇದಕ್ಕೆ ಪಠ್ಯಪುಸ್ತಕದಲ್ಲಿ ರಿಫ್ಲೆಕ್ಷನ್ ಅನ್ನುತ್ತಾರೆ, ಎದುರಿನವರ ಮಾತಿಗೆ ಕನ್ನಡಿ ಹಿಡಿಯುವುದು. ಎಂಎ ಓದುವ ಮಕ್ಕಳು ಇದನ್ನು ರೂಢಿಸಿಕೊಳ್ಳಲು ಒಂದು ಸೆಮಿಸ್ಟರ್ ಒದ್ದಾಡುತ್ತಾರೆ. ಆಕೆಗೆ ಅದನ್ನು ತಿಂಗಳ ಟಾರ್ಗೆಟ್ಟು ಕಲಿಸಿದೆ.

ಕೌನ್ಸೆಲಿಂಗ್ ಎಂಬ ಪದ ನಮ್ಮಲ್ಲಿ ಪಟ್ಟ ಪಾಡು ನಾಯಿಗೂ ಬೇಡ. ನನ್ನಂಥವರಿಗೆ ಕೌನ್ಸೆಲಿಂಗ್ ಅಂದರೆ ಸಿಇಟಿ. ದೊಡ್ಡ ಹಾಲು, ಪರದೆಯ ಮೇಲೆ ಕರಗುತ್ತಿರುವ ಸೀಟುಗಳು, ಫೈಲು ಎದೆಗವಚಿಕೊಂಡ ಅಪ್ಪಂದಿರು. "ಮಗಳಿಗೆ ನಾಡಿದ್ದು ಕೌನ್ಸೆಲಿಂಗ್" ಅಂದರೆ "ರ‍್ಯಾಂಕ್ ಎಷ್ಟು?" ಅಂತ ಕೇಳುತ್ತಿದ್ದರು. ಈಗ ಅದೇ ಮಾತಿಗೆ ದನಿ ತಗ್ಗಿಸಿ "ಅಯ್ಯೋ, ಏನಾಯ್ತು?" ಅನ್ನುತ್ತಾರೆ. ನನ್ನ ಅಂದಾಜಿನಲ್ಲಿ ಈ ರಾಜ್ಯದಲ್ಲಿ ಅತಿ ಹೆಚ್ಚು ಕಣ್ಣೀರು ಹರಿದ ಕೌನ್ಸೆಲಿಂಗ್ ಇವತ್ತಿಗೂ ಸಿಇಟಿಯದ್ದೇ. ಟಿಶ್ಯೂ ಡಬ್ಬಿಯೊಂದು ಇಟ್ಟಿರಲಿಲ್ಲ ಅಷ್ಟೇ. ಆಮೇಲೆ ವಿದೇಶಕ್ಕೆ ಕಳಿಸುವವರು ವೀಸಾ ಕೌನ್ಸೆಲರ್ ಆದರು, ಸೈಟು ತೋರಿಸುವವರು ಪ್ರಾಪರ್ಟಿ ಕೌನ್ಸೆಲರ್ ಆದರು, ಬೋಳುತಲೆಯ ವಿಸ್ತೀರ್ಣ ನೋಡಿ ದರ ಹೇಳುವವರು ಹೇರ್ ಕೌನ್ಸೆಲರ್ ಆದರು.

ಕನ್ನಡದಲ್ಲಿ ಆಪ್ತ ಸಮಾಲೋಚಕ ಅಂತ ಮಾಡಿದ್ದಾರೆ. ಸರ್ಕಾರಿ ಪದಗಳಲ್ಲಿ ಇಷ್ಟು ಚೆಂದದ್ದು ಹುಟ್ಟುವುದು ಅಪರೂಪ. ನ್ಯಾಯದರ್ಶನದವರಿಗೆ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದವರಿಗೆ, ಆಪ್ತವಾಕ್ಯವೂ ಒಂದು ಪ್ರಮಾಣ, ತಿಳಿವಳಿಕೆಗೆ ಒಂದು ಆಧಾರ. ವಿಷಯ ತಿಳಿದಿದ್ದು, ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಆಪ್ತ. ಅಂಥವನ ಮಾತನ್ನು ನಂಬಬಹುದು. ಮೊದಲು ಆಪ್ತನಾಗಬೇಕು, ಆಮೇಲೆ ಅವನ ಮಾತು ಪ್ರಮಾಣವಾಗುತ್ತದೆ. ನಾವು ಇದನ್ನು ಮಗುಚಿ ಹಾಕಿದ್ದೇವೆ. ಮೊದಲು ಪ್ರಮಾಣಪತ್ರ, ಅದು ಬಂದ ಮೇಲೆ ಆಪ್ತ. ಪಿಡಿಎಫ್ ಆಗಿ ಬರುತ್ತದೆ.

ಇನ್ನು ಆ "ಅಂತರರಾಷ್ಟ್ರೀಯ ಮಾನ್ಯತೆ". ಈ ಎರಡು ಪದ ಕಣ್ಣಿಗೆ ಬಿದ್ದರೆ ನನಗೆ ಬೆಕ್ಕುಗಳು ನೆನಪಾಗುತ್ತವೆ.

ಅಮೆರಿಕದಲ್ಲಿ ಸ್ಟೀವ್ ಐಕೆಲ್ ಅಂತ ಒಬ್ಬ ಸೈಕಾಲಜಿಸ್ಟ್. ಬೀದಿಗೊಂದರಂತೆ ಹುಟ್ಟಿಕೊಂಡ ಸರ್ಟಿಫಿಕೇಟು ಸಂಸ್ಥೆಗಳನ್ನು ನೋಡಿ ರೇಗಿ, ತನ್ನ ಬೆಕ್ಕಿನ ಹೆಸರಿನಲ್ಲಿ ಅರ್ಜಿ ಹಾಕಿದರು. ಹೆಸರು ಜೋಯಿ ಡಿ. ಕಾಟ್ಜೆ; ಜರ್ಮನ್ ಬಲ್ಲವರಿಗೆ ಅದು ನೇರವಾಗಿ "ಜೋಯಿ ಎಂಬ ಬೆಕ್ಕು". ಬಯೋಡೇಟಾದಲ್ಲಿ ಬೆಕ್ಕು ಕೆಲಸ ಮಾಡಿದ ಶಾಲೆಯೊಂದರ ಹೆಸರಿತ್ತು: ಟಕಾಯ್ಲಾಎರ್ಮಿ ಫ್ರೆಂಡ್ಸ್ ಸ್ಕೂಲ್. ಮೊದಲ ಪದದ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿಕೊಂಡು ಬಂದರೆ "ಐ ಆಮ್ ರಿಯಲಿ ಎ ಕ್ಯಾಟ್" ಅಂತಾಗುತ್ತದೆ. ಇದಕ್ಕಿಂತ ಪ್ರಾಮಾಣಿಕ ಬಯೋಡೇಟಾ ನಾನು ನೋಡಿಲ್ಲ. ಸಂಸ್ಥೆಗಳಲ್ಲಿ ಯಾರೂ ಹಿಂದಿನಿಂದ ಓದಲಿಲ್ಲ. ಮುಂದಿನಿಂದ ಓದಿದರೇ ಎಂಬುದೂ ಅನುಮಾನ. ಮೂರು ಹಿಪ್ನೋಥೆರಪಿ (ಸಮ್ಮೋಹನ ಚಿಕಿತ್ಸೆ) ಸಂಸ್ಥೆಗಳು ಬೆಕ್ಕಿಗೆ ಮಾನ್ಯತೆ ಕೊಟ್ಟವು. ಅದರ ಬಲದ ಮೇಲೆ ಅಮೆರಿಕನ್ ಸೈಕೋಥೆರಪಿ ಅಸೋಸಿಯೇಷನ್ ಇನ್ನೂ ದೊಡ್ಡ ಬಿರುದು ಕೊಟ್ಟಿತು. ಒಂದು ಸರ್ಟಿಫಿಕೇಟು ಇನ್ನೊಂದಕ್ಕೆ ಸಾಕ್ಷಿ, ಆ ಇನ್ನೊಂದು ಮತ್ತೊಂದಕ್ಕೆ ಜಾಮೀನು.

2004ರಲ್ಲಿ ಬ್ರಿಟನ್ನಿನ ಡಾಕ್ಟರ್ ಮತ್ತು ಅಂಕಣಕಾರ ಬೆನ್ ಗೋಲ್ಡೇಕರ್ ಇದೇ ದಾರಿ ಹಿಡಿದು ಹೆನ್ರಿಯೆಟ್ಟಾ ಎಂಬ ತನ್ನ ಬೆಕ್ಕಿಗೆ ಅಮೆರಿಕದ ಪೌಷ್ಟಿಕತೆ ಸಲಹೆಗಾರರ ಸಂಘವೊಂದರ ಸದಸ್ಯತ್ವ ಕೊಡಿಸಿದರು. 60 ಡಾಲರ್ ಖರ್ಚಾಯಿತು. ಇಲ್ಲೊಂದು ಸಣ್ಣ ವಿವರ: ಹೆನ್ರಿಯೆಟ್ಟಾ ಅಷ್ಟರಲ್ಲಾಗಲೇ ಸತ್ತುಹೋಗಿತ್ತು. 2009ರಲ್ಲಿ ಬಿಬಿಸಿಯ ಕ್ರಿಸ್ ಜಾಕ್ಸನ್ ತಮ್ಮ ಬೆಕ್ಕು ಜಾರ್ಜ್‌ನನ್ನು ಹಿಪ್ನೋಥೆರಪಿಗೆ ಸಂಬಂಧಪಟ್ಟ ಮೂರು ಸಂಸ್ಥೆಗಳಲ್ಲಿ ನೋಂದಾಯಿಸಿದರು.

ಬೆಕ್ಕನ್ನು ಸುಮ್ಮನೆ ಗೇಲಿ ಮಾಡುವುದೂ ತಪ್ಪು. ಯೋಚಿಸಿ ನೋಡಿ. ಬೆಕ್ಕು ಎದುರಿಗೆ ಸುಮ್ಮನೆ ಕೂರುತ್ತದೆ. ನಡುವೆ ಬಾಯಿ ಹಾಕುವುದಿಲ್ಲ. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಅನ್ನುವುದಿಲ್ಲ. ನೀವು ಹೇಳಿದ್ದನ್ನು ನಿಮ್ಮ ಅತ್ತೆಗೆ ಮುಟ್ಟಿಸುವುದಿಲ್ಲ. ಸಮಯ ಮುಗಿದರೆ ಎದ್ದು ಹೋಗುತ್ತದೆ. ಗೌಪ್ಯತೆ, ಮೌನ, ತೀರ್ಪು ಕೊಡದಿರುವುದು, ಸಮಯದ ಶಿಸ್ತು, ಇಷ್ಟನ್ನು ಎರಡು ದಿನದ ಕೋರ್ಸಿನಿಂದ ಹೊರಬಂದವರಲ್ಲಿ ಹುಡುಕಿ, ಸಿಕ್ಕರೆ ನನಗೂ ಹೇಳಿ. ಅಲ್ಲಿಂದ ಬಂದವರು ಮೊದಲು ಮಾಡುವುದು ಸಲಹೆ ಕೊಡುವುದು. "ಪಾಸಿಟಿವ್ ಆಗಿ ಯೋಚಿಸಿ." "ವಾಕಿಂಗ್ ಹೋಗಿ." "ನಿಮಗಿಂತ ಕಷ್ಟದಲ್ಲಿರೋರನ್ನ ನೋಡಿ." ಇದನ್ನು ನನ್ನ ದೊಡ್ಡಮ್ಮ ಸರ್ಟಿಫಿಕೇಟಿಲ್ಲದೆ ಐವತ್ತು ವರ್ಷ ಬಿಟ್ಟಿಯಾಗಿ ಹೇಳಿದ್ದಾರೆ.

ಹಾಗಾದರೆ ನಮ್ಮಲ್ಲಿ ಕಾನೂನಿಲ್ಲವೇ? ಇದೆ. ಒಂದಲ್ಲ, ಮೂರಿವೆ. ಮೂರೂ ಒಂದೇ ಕೊಡೆ ಹಿಡಿದು ನಡೆಯುವ ಮೂವರು ಅಣ್ಣತಮ್ಮಂದಿರ ಹಾಗೆ. ನಡುವಿನವನೊಬ್ಬನನ್ನು ಬಿಟ್ಟು ಉಳಿದವರಿಗೆ ಮಳೆ.

1992ರ ಪುನರ್ವಸತಿ ಪರಿಷತ್ತಿನ ಕಾಯ್ದೆ, ಅಂದರೆ ಆರ್‌ಸಿಐ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಅಲ್ಲಿ ಹೆಸರು ನೋಂದಾಯಿಸಬೇಕು. ನೋಂದಾಯಿಸದೆ ಕೆಲಸ ಮಾಡಿ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ದಂಡ ಎಷ್ಟು ಅಂದರೆ ಹೆಚ್ಚೆಂದರೆ 1000 ರೂಪಾಯಿ. ಒಂದು ಸೆಷನ್ನಿನ ಫೀಸಿನಲ್ಲೇ ಕಟ್ಟಿ ಮುಂದಿನ ಕ್ಲಯಂಟನ್ನು ಒಳಗೆ ಕರೆಯಬಹುದು. ಆದರೆ ಅಷ್ಟು ಖರ್ಚಾದರೂ ಯಾಕೆ? ಆ ಕಾಯ್ದೆಯ ವೃತ್ತಿಗಳ ಪಟ್ಟಿಯಲ್ಲಿ ರಿಹ್ಯಾಬಿಲಿಟೇಷನ್ (ಪುನರ್ವಸತಿ) ಕೌನ್ಸೆಲರ್ ಇದ್ದಾರೆ, ಬರೀ ಕೌನ್ಸೆಲರ್ ಇಲ್ಲ. ಬೋರ್ಡಿನಲ್ಲಿ ಒಂದು ಪದ ಕಡಿಮೆ ಬರೆಸಿದರೆ ಮುಗಿಯಿತು. ಬೋರ್ಡು ಬರೆಯುವವನಿಗೂ ಅಷ್ಟು ಬಣ್ಣ ಉಳಿಯುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್, ನರ್ಸ್ ಎಲ್ಲರಿಗೂ ಕುರ್ಚಿ ಇದೆ. ಕೌನ್ಸೆಲರ್ ನಿಂತೇ ಇದ್ದಾರೆ.

ಮೂರನೆಯದು 2021ರದ್ದು, ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ. ಇದರ ಪಟ್ಟಿಯಲ್ಲಿ ಕೊನೆಗೂ ಕೌನ್ಸೆಲರ್‌ಗಳ ಹೆಸರು ಬಂತು, ಯುಜಿಸಿ ಸೈಕಾಲಜಿಯನ್ನು ಕ್ಲಾಸಿಗೆ ಎಳೆದು ತಂದದ್ದೂ ಇದರ ಹೆಸರು ಹೇಳಿಯೇ. ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಿಸಿಕೊಳ್ಳಲು ಕನಿಷ್ಠ 3600 ಗಂಟೆಯ ಓದು, ಅದೂ ಮೂರರಿಂದ ಆರು ವರ್ಷಗಳಲ್ಲಿ, ಎನ್ನುತ್ತದೆ ಕಾಯ್ದೆ. ಶನಿವಾರ-ಭಾನುವಾರ ಕಣ್ಣು ಮುಚ್ಚದೆ ಪಾಠ ಮಾಡಿದರೂ 48 ಗಂಟೆ. ಕಾಯ್ದೆ ಚೆನ್ನಾಗಿದೆ, ನಾನು ಓದಿದೆ. ರಾಜ್ಯಗಳಲ್ಲಿ ಪರಿಷತ್ತು ರಚಿಸಬೇಕು, ರಿಜಿಸ್ಟರ್ ತೆರೆಯಬೇಕು, ಅದಾದ ಮೇಲೆ ಹೆಸರು ಬರೆಯಬೇಕು. ಮೂರು ವರ್ಷ ಕಳೆದ ಮೇಲೆ, 2024ರ ಆಗಸ್ಟಿನಲ್ಲಿ, ಸುಪ್ರೀಂ ಕೋರ್ಟೇ ಕೇಂದ್ರಕ್ಕೂ ರಾಜ್ಯಗಳಿಗೂ ಎರಡು ತಿಂಗಳಲ್ಲಿ ಇದನ್ನು ಜಾರಿಗೆ ತನ್ನಿ ಅಂತ ಹೇಳಬೇಕಾಯಿತು. ಎರಡು ತಿಂಗಳು! ಅಷ್ಟರಲ್ಲಿ ವಾರಾಂತ್ಯದ ಬ್ಯಾಚುಗಳು ಎಂಟಾದರೂ ಹೊರಗೆ ಬಂದಿರುತ್ತವೆ.

ಹೊರದೇಶ ನೋಡಿ ಹೊಟ್ಟೆ ಉರಿಸಿಕೊಳ್ಳುವ ಅಗತ್ಯವೂ ಇಲ್ಲ. ಬ್ರಿಟನ್ನಿನಲ್ಲಿ ಇವತ್ತಿಗೂ ಕೌನ್ಸೆಲರ್ ಎಂಬ ಪದಕ್ಕೆ ಕಾನೂನಿನ ರಕ್ಷಣೆಯಿಲ್ಲ. ಅಮೆರಿಕದಲ್ಲಿ ವರ್ಜೀನಿಯಾ 1976ರಲ್ಲಿ ಲೈಸೆನ್ಸ್ ಕೊಡಲು ಶುರುಮಾಡಿತು, ಕೊನೆಯದಾಗಿ ಕ್ಯಾಲಿಫೋರ್ನಿಯಾ ಕಾನೂನು ಮಾಡುವಾಗ 2009. ಮೂವತ್ತಮೂರು ವರ್ಷ. ಈ ಲೆಕ್ಕದಲ್ಲಿ ನಮಗೆ ಇನ್ನೂ ಬೇಕಾದಷ್ಟು ಸಮಯವಿದೆ.

ಇಷ್ಟೆಲ್ಲ ಗೊತ್ತಿದ್ದೂ ಸರಿಯಾದ ದಾರಿಯಲ್ಲೇ ಹೋಗುತ್ತೇವೆ ಅನ್ನುವ ಹುಚ್ಚರು ಇದ್ದಾರೆ. ಅವರ ಕಥೆ ಕೇಳಬೇಕು. ಮೂರು ವರ್ಷ ಬಿಎ, ಎರಡು ವರ್ಷ ಎಂಎ ಅಥವಾ ಎಂಎಸ್ಸಿ. ನಡುವೆ ಇಂಟರ್ನ್‌ಶಿಪ್, ಹೆಚ್ಚಿನ ಕಡೆ ಸಂಬಳವಿಲ್ಲ, ಕೆಲವು ಕಡೆ ಇವರೇ ಫೀಸು ಕಟ್ಟಬೇಕು. ಕೆಲಸ ಮಾಡಲು ದುಡ್ಡು ಕಟ್ಟುವ ಉದ್ಯೋಗ ಇನ್ನೆಲ್ಲಿದೆ ಹೇಳಿ. ಒಬ್ಬರು ಕ್ಲಯಂಟ್, ಒಬ್ಬರು ಕೌನ್ಸೆಲರ್, ಒಬ್ಬರು ನೋಡುವವರು ಅಂತ ಮೂರು ಮೂರು ಜನ ಕೂತು ಅಭ್ಯಾಸ. ಅಲ್ಲಿ ಸುಳ್ಳು ದುಃಖ ಹೇಳಿಕೊಳ್ಳಲು ಹೋಗಿ ನಿಜವಾಗಿ ಅತ್ತವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಆಡಿದ ಒಂದೊಂದು ಮಾತನ್ನೂ ಬರೆದು ಸೂಪರ್‌ವೈಸರ್ ಮುಂದಿಟ್ಟರೆ ಅವರು ಕೆಂಪು ಪೆನ್ನಿನಲ್ಲಿ, "ಇಲ್ಲಿ ಆಕೆ ಸುಮ್ಮನಾದಾಗ ನೀನ್ಯಾಕೆ ಮಾತಾಡಿದೆ? ಆ ಮೌನ ತಡೆಯಲಾಗದ್ದು ಆಕೆಗೋ ನಿನಗೋ?" ಅಂತ ಬರೆದು ಕಳಿಸುತ್ತಾರೆ. ಆ ಒಂದು ಪ್ರಶ್ನೆಗೆ ಎರಡು ದಿನ ಸಾಲುವುದಿಲ್ಲ. ಇನ್ನೊಬ್ಬರ ಗಾಯ ಮುಟ್ಟುವ ಮೊದಲು ನಿಮ್ಮದನ್ನು ನೋಡಿಕೊಳ್ಳಿ ಅಂತ ಸ್ವತಃ ಥೆರಪಿಗೆ ಹೋಗಲು ಹೇಳುವ ಕೋರ್ಸುಗಳೂ ಇವೆ. ಅದರ ಖರ್ಚೂ ಕೈಯಿಂದಲೇ.

ಇದೆಲ್ಲ ಇಂಗ್ಲಿಷಿನಲ್ಲಿ. ಇಲ್ಲೊಂದು ತಮಾಷೆಯಿದೆ. ಇಂಗ್ಲಿಷಿನ ಪುಸ್ತಕ ಹೇಳಿದಂತೆ ಕನ್ನಡದಲ್ಲಿ "ಅದು ನಿಮ್ಮಲ್ಲಿ ಯಾವ ಭಾವನೆಯನ್ನು ಉಂಟುಮಾಡುತ್ತದೆ?" ಅಂತ ಕೇಳಿ ನೋಡಿ. ಎದುರಿಗಿದ್ದವರು ನಿಮ್ಮನ್ನೇ ಒಂದು ಸಲ ಡಾಕ್ಟರಿಗೆ ತೋರಿಸಬೇಕು ಅಂದುಕೊಳ್ಳುತ್ತಾರೆ. ನಮ್ಮ ಜನಕ್ಕೆ ಡಿಪ್ರೆಷನ್ ಬರುವುದಿಲ್ಲ, "ಯಾಕೋ ಯಾವುದೂ ಬೇಡ" ಅನ್ನಿಸುತ್ತದೆ. ಆಂಗ್ಸೈಟಿ ಬರುವುದಿಲ್ಲ, "ಎದೆ ಢವಢವ", "ಹೊಟ್ಟೇಲಿ ಏನೋ ಸಂಕಟ", "ನಿಂತಲ್ಲಿ ನಿಲ್ಲೋಕಾಗಲ್ಲ, ಕೂತಲ್ಲಿ ಕೂರೋಕಾಗಲ್ಲ". ಕೆಲವರಿಗೆ ತಲೆ ಉರಿ, ಕೆಲವರಿಗೆ ಮೈಯೆಲ್ಲ ಸುಸ್ತು, ಸ್ಕ್ಯಾನಿಂಗಿನಲ್ಲಿ ಏನೂ ಇಲ್ಲ. ಈ ಮಾತುಗಳ ಒಳಕ್ಕೆ ಕಿವಿ ಇಡುವುದನ್ನು ಕಲಿಸುವ ಪುಸ್ತಕ ಎಷ್ಟಿವೆ? ಎಂಎ ಮುಗಿಸಿದ ಹುಡುಗಿ ಅದನ್ನು ಜಿಲ್ಲಾಸ್ಪತ್ರೆಯ ಬೆಂಚಿನ ಮೇಲೆ ಕೂತು ತಾನೇ ಕಲಿಯುತ್ತಾಳೆ. ಎರಡು ದಿನದವರಿಗೆ ಆ ತೊಂದರೆ ಇಲ್ಲ, ಅವರಲ್ಲಿ ಸ್ಲೈಡ್ ಇದೆ.

ಓದು ಮುಗಿಸಿದ ಮೇಲೆ ಕೆಲಸ. ಶಾಲೆಯಲ್ಲಿ ಸಿಕ್ಕಿದರೆ, ಕೌನ್ಸೆಲರ್‌ಗೆ ಕೊಡುವ ಕೋಣೆಯಲ್ಲಿ ಹಳೆಯ ಡ್ರಮ್ಮು, ಕ್ರೀಡಾದಿನದ ಬಾವುಟಗಳು ಮೊದಲೇ ವಾಸವಾಗಿರುತ್ತವೆ. ಗಣಿತದ ಮೇಷ್ಟ್ರು ರಜೆ ಹಾಕಿದರೆ ಕ್ಲಾಸು ಇವರ ತಲೆಗೆ. ಪ್ರಿನ್ಸಿಪಾಲರು ಬಂದು "ಮೇಡಂ, ಆ ಹುಡುಗ ನಿಮ್ಮ ಹತ್ರ ಏನು ಹೇಳ್ದ?" ಅಂತ ಕೇಳುತ್ತಾರೆ. ಹೇಳುವಂತಿಲ್ಲ ಸಾರ್ ಅಂದರೆ ಮುಂದಿನ ವರ್ಷ ಕಾಂಟ್ರ್ಯಾಕ್ಟು ಇಲ್ಲ.

ಸರ್ಕಾರಿ ಆಸ್ಪತ್ರೆಯ ಐಸಿಟಿಸಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆಯ ಕೇಂದ್ರಗಳಲ್ಲಿ ಎಚ್‌ಐವಿ ಕೌನ್ಸೆಲರ್‌ಗಳಿದ್ದಾರೆ. ರಕ್ತಪರೀಕ್ಷೆಯ ಫಲಿತಾಂಶವನ್ನು ಬಾಯಿಬಿಟ್ಟು ಹೇಳಬೇಕಾದವರು ಅವರು. ಮನುಷ್ಯನ ಜೀವನದ ಅತ್ಯಂತ ಕೆಟ್ಟ ಹತ್ತು ನಿಮಿಷದಲ್ಲಿ ಎದುರಿಗೆ ಕೂತು, ನೀರು ಕೊಟ್ಟು, ಮನೆಯಲ್ಲಿ ಹೇಗೆ ಹೇಳುವುದು ಅಂತ ಜೊತೆಗೆ ಯೋಚಿಸುವವರು. ಅವರೂ ಗುತ್ತಿಗೆಯವರೇ. ವರ್ಷಗಟ್ಟಲೆ.

ಇಲ್ಲಿ ನಗು ಬರುವುದಿಲ್ಲ ನನಗೆ. ನಿಮ್ಹಾನ್ಸ್ ಮುಂದೆ ನಿಂತು ಮಾಡಿಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಲ್ಲಿ 10.6 ಶೇಕಡಾ ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಕ್ಕೇ ಇರಲಿಲ್ಲ. ಕೌನ್ಸೆಲರ್‌ಗಳು ಬೇಕು, ಸಾವಿರಗಟ್ಟಲೆ ಬೇಕು. 14416ಕ್ಕೆ ಫೋನು ಮಾಡಿ ಅಂತ 2022ರ ಅಕ್ಟೋಬರಿನಲ್ಲಿ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಶುರುಮಾಡಿದರು, ಒಳ್ಳೆಯದೇ ಮಾಡಿದರು. ಆದರೆ ಒಬ್ಬ ಮನುಷ್ಯ "ನನಗೆ ಆಗುತ್ತಿಲ್ಲ" ಅಂತ ಇನ್ನೊಬ್ಬರ ಮುಂದೆ ಬಾಯಿ ತೆರೆಯಲು ಎಷ್ಟು ತಿಂಗಳು ಬೇಕು ಗೊತ್ತೇ? ಮನೆಯವರಿಗೆ ಗೊತ್ತಾಗದ ಹಾಗೆ ಬೋರ್ಡು ಹುಡುಕಿ, ಎರಡು ಸಲ ಬಾಗಿಲವರೆಗೆ ಹೋಗಿ ವಾಪಸ್ಸು ಬಂದು, ಮೂರನೇ ಸಲ ಒಳಗೆ ಹೋಗಿ ಕೂತರೆ, ಎದುರಿಗಿರುವವನು ಕಳೆದ ಭಾನುವಾರ ಸಂಜೆ ಕೌನ್ಸೆಲರ್ ಆದವನು. "ಇಷ್ಟಕ್ಕೆಲ್ಲಾ ಯಾರಾದ್ರೂ ಅಳ್ತಾರಾ" ಅನ್ನುತ್ತಾನೆ. ಆ ಮನುಷ್ಯ ಎದ್ದು ಬರುತ್ತಾನೆ, ನಾಲ್ಕನೇ ಸಲ ಎಲ್ಲಿಗೂ ಹೋಗುವುದಿಲ್ಲ. ಯಾವ ಕಾಯ್ದೆಯಲ್ಲಿ ಇದಕ್ಕೆ ದಂಡ ಇದೆ? ಸಾವಿರ ರೂಪಾಯಿಯದ್ದಾದರೂ ಇದೆಯೇ? ಹೊರಗಿನಿಂದ ನೋಡುವವನಿಗೆ ಎರಡೂ ಬೋರ್ಡು ಒಂದೇ ಥರ ಕಾಣುತ್ತವೆ. ಐದು ವರ್ಷ ಓದಿದವಳದ್ದು ಸಣ್ಣದಾಗಿರುತ್ತದೆ, ಅವಳ ಹತ್ತಿರ ದುಡ್ಡಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಸೀನಿಯರ್ ಕೌನ್ಸೆಲರ್ ಮತ್ತೆ ಕರೆ ಮಾಡಿದರು. ಐದನೇ ಸಲ.

"ಸಾರ್, ಈ ಶನಿವಾರದ ಬ್ಯಾಚಿಗೆ ಮೂರೇ ಸೀಟು ಉಳಿದಿದೆ."

ಕೊನೆಗೂ ಸಿಇಟಿಗೇ ಬಂದು ನಿಂತೆವಲ್ಲ ಅನ್ನಿಸಿತು. ಸಿಟ್ಟಿನಲ್ಲಿ ಆಕೆಗೆ ಜೋಯಿಯ ಕಥೆಯನ್ನು ಮೊದಲಿನಿಂದ ಹೇಳಿದೆ. ಜರ್ಮನ್ ಹೆಸರು, ಹಿಂದುಮುಂದಾದ ಶಾಲೆ, ಮೂರು ಸಂಸ್ಥೆ, ಬಿರುದು, ಜೊತೆಗೆ ಸತ್ತ ಹೆನ್ರಿಯೆಟ್ಟಾ. ನಡುವೆ ಒಂದು ಸಲವೂ ಬಾಯಿ ಹಾಕದೆ ಕೇಳಿದರು. ನಾನು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮೌನವನ್ನು ಆಕೆ ತಡೆದುಕೊಂಡರು, ನನಗೇ ಕಷ್ಟವಾಯಿತು.

ಆಮೇಲೆ ಮೆಲ್ಲಗೆ ಕೇಳಿದರು: "ನಿಮ್ಮನೇಲೂ ಬೆಕ್ಕಿದೆಯಾ ಸಾರ್? ಇದ್ರೆ ಅದರ ಇಮೇಲ್ ಐಡಿ ಒಂದು ಹೇಳಿ, ಲಿಂಕ್ ಕಳಿಸ್ತೀನಿ."